ನಾಲ್ಕನೆಯ ಕಾಲಂ

ನವೆಂಬರ್ 11, ಸೋಮವಾರ

ಹೆಂಡತಿ ಮಹಾಂತಮ್ಮನನ್ನು ಮನೆಗೆ ಕರೆತಂದೆ. ಆಸ್ಪತ್ರೆಯಿಂದ ಮಾದನಾಯಕನಹಳ್ಳಿಯ ತನಕ ಆಟೋದವನಿಗೆ ‘ಹಂಪ್ ಬಂತು, ನಿಧಾನ’ ಎಂದು ಎಷ್ಟು ಸಲ ಹೇಳಿದೆನೋ. ಕೊನೆಗೆ ಅವನೇ ತಿರುಗಿ, ‘ಸಾರ್, ನೀವೇ ಓಡಿಸ್ತೀರಾ?’ ಎಂದ. ಅವಳು ಹೊಟ್ಟೆಗೆ ದಿಂಬು ಒತ್ತಿ ಹಿಡಿದು ಕಣ್ಣು ಮುಚ್ಚಿ ಕೂತಿದ್ದಳು.

ದೊಡ್ಡ ಕರುಳಿನ ಗಡ್ಡೆ ತೆಗೆದಿದ್ದಾರೆ. ಒಂದು ಗೇಣು ಕರುಳನ್ನೂ ಕತ್ತರಿಸಿ, ಎರಡು ತುದಿ ಕೂಡಿಸಿ ಹೊಲಿದಿದ್ದಾರೆ. ಬೇರೆಲ್ಲೂ ಹರಡಿದಂತೆ ಕಾಣುವುದಿಲ್ಲವಂತೆ. ಇನ್ನು ಉಳಿದದ್ದು ಒಂದೇ ಚಿಂತೆ: ಹೊಲಿದ ಕರುಳು ತನ್ನ ಕೆಲಸಕ್ಕೆ ಹತ್ತಬೇಕು, ಕಟ್ಟಿಕೊಳ್ಳಬಾರದು. ಕಟ್ಟಿಕೊಂಡು ಹೊಟ್ಟೆ ಉಬ್ಬಿದರೆ ಹೊಲಿಗೆಗೇ ಅಪಾಯ, ಜೀವಕ್ಕೂ ಅಪಾಯ ಎಂದು ಡಾಕ್ಟರು ಎರಡು ಸಲ ಹೇಳಿದರು.

ವಾರ್ಡಿನ ಶಾಂತಿ ಸಿಸ್ಟರ್ ಒಂದು ಚಾರ್ಟ್ ಬರೆದುಕೊಟ್ಟಿದ್ದಾರೆ. ಐದು ಕಾಲಂ: ನಡಿಗೆ, ನೀರು, ಗ್ಯಾಸ್, ನಾಲ್ಕನೆಯದು ಅದು, ಐದನೆಯದು ಸಿರಪ್. ‘ಸಾರ್, ನೋವಿನ ಮಾತ್ರೆ ಕರುಳನ್ನ ಮಲಗಿಸ್ಬಿಡುತ್ತೆ. ಅದಕ್ಕೇ ಈ ಸಿರಪ್ಪು, ದಿನಾ ಮಲಗೋ ಮುಂಚೆ. ಎಂಟು ಲೋಟ ನೀರು, ನಾಲ್ಕು ಸಲ ವಾಕಿಂಗು. ಮೆತ್ತಗಿರೋ ಅನ್ನ, ಮೊಸರು, ಇಡ್ಲಿ. ರೊಟ್ಟಿ, ಸೊಪ್ಪು, ಕಾಳು ಸದ್ಯಕ್ಕೆ ಬೇಡ. ಬಂದಾಗ ತಡ್ಕೋಬಾರ್ದು, ಬರ್ದಿದ್ರೆ ತಿಣುಕಬಾರ್ದು. ಎರಡು ದಿನ ಆಗ್ಲಿಲ್ಲ ಅಂದ್ರೆ ನಂಗೆ ಫೋನ್ ಮಾಡಿ. ನಾನೂ ಆಗಾಗ ಮಾಡ್ತಿರ್ತೀನಿ’ ಎಂದರು.

ಚಾರ್ಟ್ ನೋಡಿ ನನಗೆ ಧೈರ್ಯ ಬಂತು. ಪೀಣ್ಯದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿರುವವನಿಗೆ ಕಾಲಂ ಹೊಸದಲ್ಲ. ಇನ್ನೂರು ಪುಟದ ನೋಟ್‌ಬುಕ್ ತಂದು ಮುಂದಿನಿಂದ ಚಾರ್ಟಿನ ಗೆರೆ ಎಳೆದೆ. ಹಿಂದಿನಿಂದ ಇದನ್ನು ಬರೆಯುತ್ತಿದ್ದೇನೆ. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಇಡಬೇಕಲ್ಲ.

ಹೇಳಲಾಗದ್ದು ಇದು. ಹೋದ ವರ್ಷ ಶ್ರಾವಣದಲ್ಲೇ ಅವಳು ‘ರಕ್ತ ಹೋಗಾಕತ್ತೈತ್ರಿ’ ಎಂದಿದ್ದಳು. ಮೂಲವ್ಯಾಧಿ ಇರಬೇಕು ಎಂದು ಮೆಡಿಕಲ್ ಶಾಪಿನಿಂದ ಮುಲಾಮು ತಂದು ಕಿಟಕಿಯಲ್ಲಿಟ್ಟೆ. ಕೈಗೆ ಕೂಡ ಕೊಡಲಿಲ್ಲ. ಆಮೇಲೆ ಹದಿಮೂರು ತಿಂಗಳು ಹೇಗಿದೆ ಎಂದು ಕೇಳಲಿಲ್ಲ.

ನವೆಂಬರ್ 12, ಮಂಗಳವಾರ

ನಡಿಗೆ: ನಾಲ್ಕು. ನೀರು: ಐದು ಲೋಟ. ಉಳಿದದ್ದನ್ನು ಹೇಗೆ ಕೇಳುವುದು ಎಂದು ಬೆಳಿಗ್ಗೆಯಿಂದ ಯೋಚಿಸಿದೆ. ಮದುವೆಯಾಗಿ ಇಪ್ಪತ್ಮೂರು ವರ್ಷ. ಇಳಕಲ್ಲಿನಲ್ಲಿ ನಮ್ಮ ಮನೆ ತುಂಬಾ ಮಂದಿ. ಗಂಡ ಹೆಂಡತಿ ಹಗಲಲ್ಲಿ ಮುಖ ಕೊಟ್ಟು ಮಾತಾಡುವ ಪದ್ಧತಿಯೇ ಇರಲಿಲ್ಲ. ಆ ಅಭ್ಯಾಸವನ್ನು ಈ ಒಂದು ಕೋಣೆಯ ಬಾಡಿಗೆ ಮನೆಗೂ ಹೊತ್ತು ತಂದಿದ್ದೇವೆ.

ಸಂಜೆ ಪಾತ್ರೆ ತೊಳೆಯುತ್ತ ಗೋಡೆಯ ಕಡೆಗೆ ಮುಖ ಮಾಡಿ, ‘ಎಲ್ಲಾ ಸರಿ ಐತೇನು?’ ಎಂದೆ.

‘ಹ್ಞೂಂ.’

ಗ್ಯಾಸ್ ಮತ್ತು ನಾಲ್ಕನೆಯದು, ಎರಡೂ ಕಾಲಂಗೆ ‘ಹೌದು’ ಬರೆದೆ. ಕಷ್ಟದ ಕೆಲಸ ಅಂದುಕೊಂಡಿದ್ದೆ, ಸುಲಭವಾಗಿ ಮುಗಿಯಿತು.

ನವೆಂಬರ್ 13, ಬುಧವಾರ

ಇವತ್ತು ಅವಳು ಸಂಡಾಸಕ್ಕೆ ಹೋಗಿದ್ದು ನಾನೇ ಕಂಡೆ. ನಮ್ಮದು ಏಳು ಕೋಣೆಗಳ ಸಾಲು, ಕೊನೆಯಲ್ಲಿ ಒಂದೇ ಸಂಡಾಸ. ಬೆಳಿಗ್ಗೆ ಐದರಿಂದ ಎಂಟರ ತನಕ ಬಕೆಟ್ ಹಿಡಿದವರ ಸಾಲು. ಗೋಡೆ ಹಿಡಿದುಕೊಂಡು ಅವಳು ಅಲ್ಲಿಗೆ ತಲುಪುವುದಕ್ಕೇ ಐದು ನಿಮಿಷ ಹಿಡಿಯಿತು. ಒಳಗೆ ಹೋಗಿ ಇನ್ನೂ ಕೂತಿದ್ದಳೋ ಇಲ್ಲವೋ, ಆರನೇ ಕೋಣೆಯವನು ಬಾಗಿಲು ಬಡಿದು, ‘ಯಾರ್ರೀ ಅದು, ಬಸ್ಸು ಹೋಗ್ತದೆ’ ಎಂದ. ಕುಕ್ಕರಗಾಲಲ್ಲಿ ಕೂತು ಏಳುವಾಗ ಹೊಲಿಗೆ ಜಗ್ಗಿ ಅವಳ ಮುಖ ಬೂದಿಯಾಗಿತ್ತು. ಎಲ್ಲರೂ ನೋಡುತ್ತಿದ್ದರು. ನಾನೂ ಅವರ ಜೊತೆ ನಿಂತು ನೋಡುತ್ತಿದ್ದೆ.

ಮಹಡಿಯ ಮೇಲೆ ಮಾಲೀಕರಾದ ಮುನಿಕೃಷ್ಣ ಅವರ ಮನೆ, ಕೂರುವ ಕಮೋಡಿದೆ. ಕೇಳಬಹುದು. ಆದರೆ ಏನೆಂದು ಕೇಳುವುದು? ಅವರ ಸೊಸೆ, ಬೀಗರು ಎಲ್ಲ ಇರುವ ಮನೆ. ನಾಳೆ ನೋಡೋಣ.

ನವೆಂಬರ್ 14, ಗುರುವಾರ

ರಜೆ ಮುಗಿಯಿತು. ಫಸ್ಟ್ ಶಿಫ್ಟ್. ಬೆಳಿಗ್ಗೆ ಐದೂಕಾಲಿಗೆ ಹೊರಟರೆ ಮನೆಗೆ ಬರುವುದು ಮೂರಕ್ಕೆ. ಪಕ್ಕದ ಕೋಣೆಯ ಭಾಗ್ಯಶ್ರೀ ಗಾರ್ಮೆಂಟ್ಸ್‌ಗೆ ಹೋಗುವ ಮುಂಚೆ ಗಂಜಿ ಕಾಯಿಸಿ ಇಟ್ಟು ಹೋಗುತ್ತಾಳೆ. ಆಮೇಲೆ ಮಹಾಂತಮ್ಮ ಒಬ್ಬಳೇ.

ಕಾರ್ಖಾನೆಯ ಗುಟ್ಟೊಂದನ್ನು ಬರೆಯುತ್ತೇನೆ. ಗಂಟೆಗೊಮ್ಮೆ ಮಷಿನ್‌ನಿಂದ ಬರುವ ಉಕ್ಕಿನ ಶಾಫ್ಟುಗಳಲ್ಲಿ ಐದರ ದಪ್ಪ ಅಳೆದು ಶೀಟಿನಲ್ಲಿ ತುಂಬಬೇಕೆಂಬುದು ನಿಯಮ. ಯಾರೂ ತುಂಬುವುದಿಲ್ಲ. ಬೆಳಿಗ್ಗೆ ಒಮ್ಮೆ ಅಳೆಯುತ್ತೇವೆ, ಮಷಿನ್ ಸರಿ ಇದ್ದರೆ ಮಾಲೂ ಸರಿಯೇ. ಶಿಫ್ಟ್ ಬಿಡುವ ಮುಂಚೆ ಕೂತು ಎಂಟೂ ಗಂಟೆಗಳದನ್ನು ಒಟ್ಟಿಗೆ ಬರೆದುಬಿಡುತ್ತೇವೆ. ಅದಕ್ಕೂ ಕೈಚಳಕ ಬೇಕು. ಒಂದೇ ಅಂಕಿ ಹಾಕಬಾರದು. ಒಂದು ಕೂದಲೆಳೆ ಹೆಚ್ಚು, ಒಂದು ಕಡಿಮೆ. ನಡುವೆ ಎರಡು ಸಲ ಪೆನ್ನು ಬದಲಿಸಬೇಕು. ಹತ್ತೊಂಬತ್ತು ವರ್ಷದಲ್ಲಿ ನಾನು ಒಮ್ಮೆಯೂ ಸಿಕ್ಕಿಬಿದ್ದಿಲ್ಲ.

ಇವತ್ತು ಮನೆಗೆ ಬಂದಾಗ ಅವಳು ಮಲಗಿದ್ದಳು. ಎಬ್ಬಿಸುವ ಮನಸ್ಸಾಗಲಿಲ್ಲ. ಚಾರ್ಟ್ ತೆಗೆದು ತುಂಬಿದೆ. ನೀರು: ಏಳು. ಗ್ಯಾಸ್: ಮೂರು ಸಲ. ನಾಲ್ಕನೆಯ ಕಾಲಂ: ಬೆಳಿಗ್ಗೆ ಆರೂವರೆ, ಸಲೀಸಾಗಿ. ನಿನ್ನೆ ಆಗಿದೆ ಅಂದಮೇಲೆ ಇವತ್ತೂ ಆಗಿರುತ್ತದೆ.

ನವೆಂಬರ್ 15, ಶುಕ್ರವಾರ

ಶಾಂತಿ ಸಿಸ್ಟರ್ ಫೋನ್ ಮಾಡಿದ್ದರು. ಚಾರ್ಟ್ ಓದಿದೆ. ‘ಸಕ್ಕತ್ತಾಗಿ ಮೇಂಟೇನ್ ಮಾಡಿದೀರ ಸಾರ್! ಎಲ್ಲಾ ಮನೆಯವರೂ ನಿಮ್ ಥರ ಇದ್ರೆ ನಮ್ಗೆ ಕೆಲ್ಸಾನೇ ಇರಲ್ಲ’ ಎಂದರು. ಖುಷಿಯಾಯಿತು.

ಸಿರಪ್ ಕೊಡಲು ಹೋದರೆ, ‘ಇವತ್ತ ಬ್ಯಾಡ್ರಿ. ಕುಡದ್ರ ಕತ್ತಲಾಗ ಎದ್ದ ಹೋಗೂದಾಗತೈತಿ, ಅಲ್ಲಿ ಲೈಟೂ ಇಲ್ಲ’ ಎಂದಳು. ಒತ್ತಾಯ ಮಾಡಲಿಲ್ಲ. ‘ಕೊಟ್ಟಿದೆ’ ಎಂದು ಬರೆದೆ.

ನವೆಂಬರ್ 17, ಭಾನುವಾರ

ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದಾಗ ಭಾಗ್ಯಶ್ರೀ ಹತ್ತಿರ ಬಂದು, ದನಿ ತಗ್ಗಿಸಿ, ‘ಅಣ್ಣಾ, ನಿಮಗ ಹೆಂಗ ಹೇಳೂದೋ. ಅಕ್ಕ ಮೂರ್ನಾಕ ದಿನಾ ಆತು, ಆ ಕಡಿಗೆ ಹೋಗಿದ್ದ ನಾ ನೋಡೇ ಇಲ್ಲ. ನೀರೂ ಕುಡ್ಯೂದಿಲ್ಲ. ಕೇಳಿದ್ರ, ಕುಡದ್ರ ಹೋಗಬೇಕಾಗತೈತಿ ಅಂತಾಳ’ ಎಂದಳು.

ಒಳಗೆ ಹೋಗಿ ಮಹಾಂತಮ್ಮನಿಗೆ, ‘ಭಾಗ್ಯಶ್ರೀ ಏನೋ ಅಂತಿದ್ಲು’ ಎಂದೆ.

‘ಏನಂದ್ಲು?’

‘ಏನಿಲ್ಲ. ಎಲ್ಲಾ ಸರಿ ಐತಲ್ಲ?’

‘ಆಕಿಗೇನ ಗೊತ್ತ? ದಿನಾ ಡ್ಯೂಟಿಗೆ ಹೋಗಾಕಿ. ಸರಿ ಐತಿ.’

ನಂಬಿದೆ. ಇಲ್ಲ, ನಂಬಲಿಲ್ಲ, ನಂಬಿದರೆ ಅನುಕೂಲ ಅನ್ನಿಸಿತು. ಈ ಪುಸ್ತಕದಲ್ಲಾದರೂ ನಿಜ ಬರೆಯಬೇಕು. ಊಟಕ್ಕೆ ಎರಡೇ ಚಮಚ ಮೊಸರನ್ನ ತಿಂದು ತಟ್ಟೆ ಸರಿಸಿದಳು. ಚಾರ್ಟಿನಲ್ಲಿ ಹಳೆಯ ಸಾಲುಗಳ ಕೆಳಗೆ ಇನ್ನೊಂದು ‘ಹೌದು’ ಸೇರಿತು. ಇವತ್ತು ನೀಲಿ ಪೆನ್ನು ಬಿಟ್ಟು ಕಪ್ಪು ಪೆನ್ನಿನಲ್ಲಿ ಬರೆದೆ. ಯಾಕೆ ಬದಲಿಸಿದೆ ಎಂದು ಬರೆದಮೇಲೆ ಹೊಳೆಯಿತು.

ನವೆಂಬರ್ 18, ಸೋಮವಾರ

ಕಾರ್ಖಾನೆಗೆ ಗಿರಾಕಿ ಕಂಪನಿಯ ಆಡಿಟರ್ ಬಂದಿದ್ದರು. ನನ್ನ ಶೀಟುಗಳನ್ನು ಮಗುಚಿ ನೋಡಿ, ನಮ್ಮ ಮ್ಯಾನೇಜರ್ ಶೇಖರಪ್ಪನವರಿಗೆ, ‘ನೋಡಿ, ರೆಕಾರ್ಡ್ ಅಂದ್ರೆ ಹೀಗಿರ್ಬೇಕು’ ಎಂದರು. ಆಮೇಲೆ ನಗುತ್ತ, ‘ಕೆಲವು ಕಡೆ ಕೂತಲ್ಲೇ ಬರೀತಾರೆ’ ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ನನ್ನ ಕೈ ಜೇಬಿನಲ್ಲಿದ್ದ ಎರಡು ಪೆನ್ನಿನ ಮೇಲೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದರೆ ಅವಳ ಹೊಟ್ಟೆ ಬಿಗಿದಿದೆ. ಸೀರೆ ಸಡಿಲ ಮಾಡಿಕೊಂಡು ಕೂತಿದ್ದಾಳೆ. ‘ವಾಯು ಆಗೈತಿ, ಹೋಗತೈತಿ ಬಿಡ್ರಿ.’ ಶಾಂತಿ ಸಿಸ್ಟರ್ ಫೋನ್ ಬಂತು. ಚಾರ್ಟ್ ಓದಿದೆ. ಓದುವಾಗ ಮಹಾಂತಮ್ಮ ನನ್ನನ್ನೇ ನೋಡುತ್ತಿದ್ದಳು.

ನವೆಂಬರ್ 19, ಮಂಗಳವಾರ

ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ವಾಂತಿ. ಹಸಿರು ನೀರು. ಹೊಟ್ಟೆ ಕಲ್ಲಾಗಿತ್ತು. ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವಳು ನನ್ನ ತೋಳು ಹಿಡಿದಿದ್ದಳು, ಉಗುರು ಊರುವಷ್ಟು.

ದೊಡ್ಡ ಡಾಕ್ಟರು ಬಂದು ಹೊಟ್ಟೆ ಮುಟ್ಟಿ ನೋಡಿದರು. ಎಕ್ಸ್‌ರೇ ಆಯಿತು. ಆಮೇಲೆ ನನ್ನ ಚಾರ್ಟ್ ಕೇಳಿದರು. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ‘ನಿನ್ನೆವರೆಗೂ ಮೋಶನ್ ಸಲೀಸಾಗಿ ಆಗಿದೆ, ಗ್ಯಾಸ್ ಹೋಗಿದೆ. ಇದ್ದಕ್ಕಿದ್ದಂಗೆ ಹೀಗಾಗಿದೆ ಅಂದ್ರೆ ನಂಗೆ ಭಯ. ಕರುಳು ತಿರುಚ್ಕೊಂಡಿರ್ಬೋದು. ಸ್ಕ್ಯಾನ್‌ಗೆ ಕಳ್ಸಿ, ಥಿಯೇಟರ್‌ಗೂ ಹೇಳಿಡಿ. ಮತ್ತೆ ಓಪನ್ ಮಾಡ್ಬೇಕಾಗ್ಬೋದು’ ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು.

ನಾನು ಬಾಯಿ ಬಿಡಲಿಲ್ಲ. ಎಷ್ಟು ಹೊತ್ತು? ಒಂದು ಫಾರಂ ತುಂಬಿ ತರುವಷ್ಟು ಹೊತ್ತು. ಶಾಂತಿ ಸಿಸ್ಟರ್ ಒಪ್ಪಿಗೆ ಪತ್ರ ತಂದು, ‘ಇಲ್ಲಿ ಒಂದು ಸೈನ್ ಮಾಡಿ ಸಾರ್’ ಎಂದರು. ಪೆನ್ನು ತೆಗೆದೆ. ಹೊಟ್ಟೆಯನ್ನು ಎರಡನೆಯ ಸಲ ಸೀಳಲು ನನ್ನ ಸಹಿ, ಸೀಳುವುದಕ್ಕೆ ಕಾರಣವೂ ನನ್ನ ಅಕ್ಷರ. ಆಗ ಕಾಲು ತಾನಾಗಿ ಓಡಿತು. ಡಾಕ್ಟರ ತೋಳನ್ನೇ ಹಿಡಿದುಕೊಂಡೆ.

‘ಸಾರ್, ಆ ಚಾರ್ಟ್ ಸುಳ್ಳು.’

‘ಏನು?’

‘ನಾನು ಕೇಳದೇ ಬರದೀನಿ. ಹದಿಮೂರನೇ ತಾರೀಖು ಆಗಿದ್ದು ನೋಡಿದೀನಿ. ಆಮ್ಯಾಲಿಂದ ಆಗಿಲ್ಲ ಅನ್ಸುತ್ತೆ. ನೀರು ಕುಡಿದಿಲ್ಲ. ಸಿರಪ್ಪೂ ಕೊಟ್ಟಿಲ್ಲ.’

ವಾರ್ಡಿನಲ್ಲಿ ಎಲ್ಲರಿಗೂ ಕೇಳಿಸಿತು. ಡಾಕ್ಟರು ಮಹಾಂತಮ್ಮನ ಹತ್ತಿರ ಹೋಗಿ, ‘ಹೌದೇನಮ್ಮಾ?’ ಎಂದರು. ಅವಳು ಹೌದೆಂದು ತಲೆಯಾಡಿಸಿದಳು. ಕಣ್ಣು ಮಾತ್ರ ನನ್ನ ಮೇಲಿತ್ತು.

ಸ್ಕ್ಯಾನಿನಲ್ಲಿ ಹೊಲಿಗೆ ಗಟ್ಟಿಯಾಗಿದೆ ಎಂದು ಗೊತ್ತಾಯಿತು, ತಿರುಚಿಕೊಂಡಿಲ್ಲ. ಆರು ದಿನದ್ದು ಗಟ್ಟಿಯಾಗಿ ಕೂತಿದೆ, ನೋವಿನ ಮಾತ್ರೆಗೆ ಕರುಳು ಸೋಮಾರಿಯಾಗಿದೆ. ಮೂಗಿನಿಂದ ಹೊಟ್ಟೆಗೆ ಒಂದು ನಳಿಗೆ ಇಳಿಸಿ, ಡ್ರಿಪ್ ಹಾಕಿ, ಎರಡು ದಿನ ಕಾದು ನೋಡುತ್ತಾರೆ. ಸರಿಹೋಗದಿದ್ದರೆ ಆಪರೇಷನ್ನೇ. ಡಾಕ್ಟರು ಹೋಗುವಾಗ ನಿಂತು, ‘ನಿಮ್ ಕಾಗ್ದ ನಂಬ್ಕೊಂಡು ನಾನು ಚಾಕು ತಗೋತಿದ್ದೆ. ಏನ್ ಕೆಲ್ಸ ಮಾಡ್ತೀರಿ ನೀವು?’ ಎಂದರು.

ಇನ್ಸ್‌ಪೆಕ್ಟರ್ ಎಂದೆ.

ನವೆಂಬರ್ 20, ಬುಧವಾರ

ಗ್ಯಾಸ್ ಇಲ್ಲ. ಮೋಶನ್ ಇಲ್ಲ. ಅವಳು ನನ್ನೊಡನೆ ಮಾತಾಡಿಲ್ಲ. ನಳಿಗೆ ಇದ್ದರೂ ಸಿಸ್ಟರ್ ಹತ್ತಿರ ಮಾತಾಡುತ್ತಾಳೆ.

ನಡೆದಾಡಿಸಬೇಕು ಎಂದರು ಸಿಸ್ಟರ್. ಡ್ರಿಪ್ಪಿನ ಕಂಬ ಹಿಡಿದು ಅವಳ ಹಿಂದೆ ವಾರ್ಡಿನ ಈ ತುದಿಯಿಂದ ಆ ತುದಿಗೆ ಹನ್ನೊಂದು ಸಲ ನಡೆದೆ. ದೇವರೇ, ಒಂದು ಹೂಸು ಕೊಡು, ಬೇರೇನೂ ಬೇಡ ಎಂದು ಬೇಡಿಕೊಂಡೆ.

ನವೆಂಬರ್ 21, ಗುರುವಾರ

ಮಧ್ಯಾಹ್ನ ಅವಳು ಇದ್ದಕ್ಕಿದ್ದಂತೆ, ‘ಅದನ್ನ ಓದ್ರಿ’ ಎಂದಳು.

‘ಏನು?’

‘ನೀವು ಬರದದ್ದು. ನನ್ನ ಹೊಟ್ಟಿ ಪುರಾಣ. ನನಗೂ ಗೊತ್ತಾಗ್ಲಿ.’

ಬೇಡವೆಂದರೆ ಕೇಳಲಿಲ್ಲ. ಓದಿದೆ. ‘ಹದಿನಾಕನೇ ತಾರೀಖ. ಗ್ಯಾಸ್ ಮೂರು ಸಲ. ಮೋಶನ್ ಬೆಳಿಗ್ಗೆ ಆರೂವರೆ, ಸಲೀಸಾಗಿ.’

‘ಆರೂವರೆಗೆ ನೀವು ಎಲ್ಲಿದ್ರಿ?’

‘ಪೀಣ್ಯದಾಗ.’

‘ಪೀಣ್ಯದಾಗ ಕುಂತು ನಿಮಗ ಗೊತ್ತಾತು, ಸಲೀಸಾಗಿ ಅಂತ!’ ಎಂದು ಅವಳು ನಕ್ಕುಬಿಟ್ಟಳು. ನಗಬಾರದು, ಹೊಲಿಗೆ ಜಗ್ಗುತ್ತದೆ. ಎರಡೂ ಕೈಯಲ್ಲಿ ದಿಂಬು ಒತ್ತಿಕೊಂಡು, ಕಣ್ಣಲ್ಲಿ ನೀರು ಹರಿಸಿಕೊಂಡು ನಕ್ಕಳು. ‘ಹದಿನೈದಕ್ಕ?’ ಎಂದಳು. ‘ಹದಿನೈದಕ್ಕ ಎರಡ ಸಲ’ ಎಂದೆ. ಆಗ ಬಂತು. ಉದ್ದಕ್ಕೆ, ಗಟ್ಟಿಯಾಗಿ, ಪಕ್ಕದ ಹಾಸಿಗೆಯ ಮುದುಕಿ ಎದ್ದು ಕೂರುವಷ್ಟು.

ನಾನು ವಾರ್ಡಿನ ನಡುವೆ ನಿಂತು, ‘ಸಿಸ್ಟರ್! ಹೂಸು ಬಿಟ್ಲು! ನನ್ನ ಹೆಂಡ್ತಿ ಹೂಸು ಬಿಟ್ಲು!’ ಎಂದು ಕೂಗಿದೆ. ಆ ಮುದುಕಿ ಕೈ ಮುಗಿದಳು. ಶಾಂತಿ ಸಿಸ್ಟರ್ ಓಡಿ ಬಂದು ಸ್ಟೆತಸ್ಕೋಪಿಟ್ಟು ಹೊಟ್ಟೆ ಕೇಳಿ, ‘ಗುಡುಗುಡು ಅಂತಿದೆ ಸಾರ್, ಎದ್ದಿದೆ ಕರುಳು’ ಎಂದರು. ಸಂಜೆ ಸ್ವಲ್ಪ ಸಂಡಾಸವೂ ಆಯಿತು. ಬೆಡ್‌ಪ್ಯಾನ್ ನಾನೇ ತೆಗೆದುಕೊಂಡು ಹೋಗಿ ತೊಳೆದೆ. ಗಟ್ಟಿ, ಕಪ್ಪು, ನಾಲ್ಕೈದು ಉಂಡೆ. ಹಾಗೇ ಬರೆದಿದ್ದೇನೆ.

ತೊಳೆದು ಬಂದಮೇಲೆ ಅವಳು ಹೇಳಿದಳು. ನಗುತ್ತಿರಲಿಲ್ಲ.

‘ನಾನೂ ಸುಳ್ಳ ಹೇಳಿದ್ನಿ, ತಪ್ಪು. ಆದ್ರ ನೀವು ಕೇಳೂ ಮುಂದ ಗ್ವಾಡಿ ನೋಡತಿದ್ರಿ. ಗ್ವಾಡಿ ಏನ ಕೇಳಬೇಕಂತೈತೋ ಅದನ್ನ ಹೇಳಿದ್ನಿ. ಹೋದ ವರ್ಷ ರಕ್ತ ಅಂದಾಗೂ ನೀವು ಟಿವಿ ಕಡೀಗೇ ನೋಡಾಕತ್ತಿದ್ರಿ. ಮುಲಾಮು ತಂದು ಕಿಟಕ್ಯಾಗ ಇಟ್ರಿ. ಇನ್ನೊಮ್ಮೆ ಹೇಳಾಕ ನನಗ ಬಾಯಿ ಬರಲಿಲ್ಲ.’

ತಪ್ಪಾಯಿತು ಎಂದೆ. ಅದು ಎಷ್ಟು ಸಣ್ಣ ಮಾತು ಎಂದು ಹೇಳಿದಮೇಲೆ ತಿಳಿಯಿತು. ಹೋದ ವರ್ಷ ಶ್ರಾವಣದಲ್ಲೇ ಮುಖ ನೋಡಿದ್ದರೆ ಗಡ್ಡೆ ಇನ್ನೂ ಸಣ್ಣದಿತ್ತೋ ಏನೋ. ಯಾವ ಡಾಕ್ಟರನ್ನೂ ಇದನ್ನು ಕೇಳುವ ಧೈರ್ಯ ನನಗಿಲ್ಲ.

ನವೆಂಬರ್ 24, ಭಾನುವಾರ

ಮನೆಗೆ ಬಂದೆವು. ಅವಳನ್ನು ಮಲಗಿಸಿ ಮಹಡಿ ಹತ್ತಿದೆ. ಮುನಿಕೃಷ್ಣ ಅವರು ಸೊಸೆ, ಬೀಗರ ಜೊತೆ ಕಾಫಿ ಕುಡಿಯುತ್ತಿದ್ದರು. ‘ನಮ್ಮ ಮನೆಯವರ ಕರುಳು ಆಪರೇಷನ್ ಆಗಿದೆ. ಕುಕ್ಕರಗಾಲಲ್ಲಿ ಕೂರೋಕಾಗಲ್ಲ, ಸಾಲಲ್ಲಿ ನಿಲ್ಲೋಕಾಗಲ್ಲ. ಒಂದು ತಿಂಗಳು ನಿಮ್ಮ ಕಕ್ಕಸು ಬೇಕು’ ಎಂದೆ.

‘ಅಯ್ಯೋ, ಇಷ್ಟೇ ತಾನೇ? ಮೆಟ್ಲು ಯಾಕೆ ಹತ್ತುಸ್ತೀರಾ ಆಯಮ್ಮನ್ನ? ಕೆಳಗೆ ನಮ್ಮಪ್ಪನ ರೂಮು ಖಾಲಿ ಬಿದ್ದೈತೆ, ಅಲ್ಲೂ ಕಮೋಡೈತೆ. ತಗೊಳ್ಳಿ ಬೀಗದಕೈ. ಮೊದ್ಲೇ ಕೇಳ್ಬಾರ್ದಾ ಗುರು?’ ಎಂದರು.

ಆ ರೂಮು ನಮ್ಮ ಬಾಗಿಲಿಂದ ಹದಿನಾರು ಹೆಜ್ಜೆ. ಬೀಗದಕೈ ಹಿಡಿದು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ನವೆಂಬರ್ 26, ಮಂಗಳವಾರ

ಸೆಕೆಂಡ್ ಶಿಫ್ಟ್ ಕೇಳಿ ಹಾಕಿಸಿಕೊಂಡಿದ್ದೇನೆ, ಬೆಳಿಗ್ಗೆ ಮನೆಯಲ್ಲಿರಬಹುದು. ಶೇಖರಪ್ಪನವರು ಯಾಕೆ ಎಂದರು. ‘ಹೆಂಡ್ತಿಗೆ ಸಂಡಾಸ ಆಯ್ತಾ ಇಲ್ವಾ ನೋಡ್ಬೇಕು ಸಾರ್’ ಎಂದೆ. ಅವರು ತಕ್ಷಣ ಸಹಿ ಹಾಕಿದರು.

ನೀರು ಎಂಟು. ಸಿರಪ್ ನನ್ನೆದುರೇ ಕುಡಿದಳು. ಆಯಿತು, ಮೆತ್ತಗೆ.

ನವೆಂಬರ್ 28, ಗುರುವಾರ

ಏಳೂವರೆಗೆ ಅವಳು ಆ ರೂಮಿನಿಂದ ಬಂದು ಮಂಚದ ಮೇಲೆ ಕೂತಳು. ನಾನು ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತೆ. ಮುಖ ನೋಡಿ ಕೇಳಿದೆ.

‘ಆತೇನು?’

‘ಇಲ್ಲ. ನಿನ್ನೇನೂ ಇಲ್ಲ, ಇವತ್ತೂ ಇಲ್ಲ.’ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, ‘ಅಂಜಿಕಿ ಬರಾಕತ್ತೈತ್ರಿ’ ಎಂದಳು.

‘ನನಗೂ’ ಎಂದೆ.

ಅವಳ ಮುಂದೆಯೇ ಶಾಂತಿ ಸಿಸ್ಟರ್‌ಗೆ ಫೋನ್ ಮಾಡಿ, ಎರಡು ದಿನ ಆಗಿಲ್ಲ, ಗ್ಯಾಸ್ ಹೋಗುತ್ತಿದೆ, ವಾಂತಿ ಇಲ್ಲ, ಹೊಟ್ಟೆ ಮೆತ್ತಗಿದೆ ಎಂದೆ. ಅವರು ಡಾಕ್ಟರನ್ನು ವಿಚಾರಿಸಿ ಬಂದು, ಸಿರಪ್ ಇನ್ನೊಂದು ಹೊತ್ತು ಕೊಡಿ, ಸಂಜೆಗೆ ಮತ್ತೆ ಹೇಳಿ ಎಂದರು. ಫೋನ್ ಇಟ್ಟು ನೋಟ್‌ಬುಕ್ ತೆಗೆದೆ. ಮೋಶನ್ ಕಾಲಂನಲ್ಲಿ ‘ಇಲ್ಲ’ ಎಂದು ಬರೆದೆ.

ಮಹಾಂತಮ್ಮ ಕೈ ಚಾಚಿ ಪುಸ್ತಕ ಇಸಿದುಕೊಂಡಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಬೆರಳಿಟ್ಟು ಅಕ್ಷರ ಕೂಡಿಸಿ ಓದಿದಳು. ಪೆನ್ನನ್ನೂ ಇಸಿದುಕೊಂಡು ಆ ‘ಇಲ್ಲ’ದ ಪಕ್ಕ ತನ್ನ ಹೆಸರು ಬರೆದಳು, ಪೂರ್ತಿ, ನಿಧಾನವಾಗಿ, ಗೆರೆ ದಾಟಿಸಿ.

‘ಇನ್ನ ಮ್ಯಾಲೆ ನನ್ನ ಸಹಿ ಇಲ್ದ ನನ್ನ ಹೊಟ್ಟಿ ಬಗ್ಗೆ ಏನೂ ಬರೀಬ್ಯಾಡ್ರಿ’ ಎಂದಳು.